ವ್ಯಾನಿಗೆ ಹೊಸ ಮೂಗು

ನಮ್ಮ ವ್ಯಾನು ಹಳೆಯದು ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೂ ವಿಜಯನಗರದಲ್ಲಿ ಸಿಕ್ಕಸಿಕ್ಕವರೆಲ್ಲ ಹೇಳುತ್ತಾರೆ. ಪಕ್ಕದ ಮನೆಯವರು ಗೇಟಿನ ಹತ್ತಿರ ನಿಂತು, "ಇದನ್ನ ಇನ್ನೂ ಇಟ್ಕೊಂಡಿದೀರಾ ಮೇಡಂ?" ಎಂದು ಕೇಳುತ್ತಾರೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು, ಕೇಳಿದ ಪ್ರಶ್ನೆಗೆ ಉತ್ತರ ಕೊಡದೆ ಇರುವ ಅಭ್ಯಾಸ ನನಗಿಲ್ಲ. "ಹೂಂ, ಇಟ್ಕೊಂಡಿದೀನಿ. ನಿಮ್ಮ ಹೊಸ ಕಾರಲ್ಲಿ ನಮ್ಮಮ್ಮನ್ನ ಕೂರಿಸಿ, ಆಮೇಲೆ ಇಳಿಸಿ ತೋರಿಸಿ, ನೋಡೋಣ" ಎನ್ನುತ್ತೇನೆ. ಅವರು ಪೇಪರ್ ಎತ್ತಿಕೊಂಡು ಒಳಗೆ ಹೋಗುತ್ತಾರೆ.

ವಿಷಯ ಇರುವುದೇ ಅಲ್ಲಿ. ಅಮ್ಮನ ಮಂಡಿ ಎರಡೂ ಮುಷ್ಕರ ಹೂಡಿ ಬಹಳ ಕಾಲವಾಯಿತು. ಈಗಿನ ಕಾರುಗಳ ಸೀಟು ಅವಳಿಗೆ ತೀರಾ ತಗ್ಗು, ಕೂತರೆ ಏಳಲಾರಳು. ಆಟೋ ಕುಲುಕಾಡುತ್ತದೆ. ಮೆಟ್ರೊ ಸ್ಟೇಷನ್ ಹತ್ತಿರವೇ ಇದೆ, ಆದರೆ ಲಿಫ್ಟಿನ ಬಾಗಿಲು ಮುಚ್ಚಿದ ಕೂಡಲೇ ಅವಳ ಎದೆ ಹೊಡೆದುಕೊಳ್ಳುತ್ತದೆ. ನಮ್ಮ ವ್ಯಾನಿನ ಮುಂದಿನ ಸೀಟು ಮಾತ್ರ ಅವಳ ಸೊಂಟದ ಎತ್ತರಕ್ಕೆ ಸರಿಯಾಗಿದೆ. ಬೆನ್ನು ತಿರುಗಿಸಿ ಸುಮ್ಮನೆ ಒರಗಿದರೆ ಸಾಕು, ಕೂತ ಹಾಗೆಯೇ. ಆ ಸೀಟಿನಲ್ಲಿ ಕೂತೇ ಅವಳು ತಿಂಗಳಿಗೊಮ್ಮೆಯಾದರೂ ಕೆಂಗೇರಿಯಲ್ಲಿರುವ ತನ್ನ ಅಕ್ಕನನ್ನು, ಅಂದರೆ ನನ್ನ ದೊಡ್ಡಮ್ಮನನ್ನು, ನೋಡಿ ಬರುತ್ತಿದ್ದಳು.

ಹೋದ ಬೇಸಿಗೆಯಲ್ಲಿ ಒಂದು ದಿನ ಉಲ್ಲಾಳದ ರಸ್ತೆಯಲ್ಲಿ ಟ್ರಾಫಿಕ್ಕಿನ ನಡುವೆ ವ್ಯಾನು ಕೆಮ್ಮಿ ನಿಂತಿತು. ಈ ವ್ಯಾನಿನ ಎಂಜಿನ್ ಇರುವುದು ಮುಂದಿನ ಸೀಟುಗಳ ಕೆಳಗೆ. ಎಂಜಿನ್ ನೋಡಬೇಕೆಂದರೆ ಸೀಟು ಎತ್ತಬೇಕು, ಸೀಟು ಎತ್ತಬೇಕೆಂದರೆ ಅಮ್ಮ ಇಳಿಯಬೇಕು. ಹಿಂದೆ ಬಸ್ಸಿನವನು ಹಾರ್ನ್ ಒತ್ತಿ ಹಿಡಿದಿದ್ದ. ಸಹಾಯಕ್ಕೆ ಬಂದ ಇಬ್ಬರು ಹುಡುಗರು ಒಳ್ಳೆಯವರೇ. ಆದರೆ ಅಮ್ಮ ಒಂದು ಕಾಲು ಕೆಳಗಿಡುವಷ್ಟು ಪುರುಸೊತ್ತನ್ನೂ ಅವರು ಕೊಡಲಿಲ್ಲ. "ಬನ್ನಿ ಅಜ್ಜಿ" ಎಂದು ಕಂಕುಳಿಗೆ ಕೈಕೊಟ್ಟು, ಅನಾಮತ್ತಾಗಿ ಎತ್ತಿ ಫುಟ್‌ಪಾತಿನ ಮೇಲೆ ಇಟ್ಟುಬಿಟ್ಟರು. ಸೀಟು ಎತ್ತಿ ಸ್ವಲ್ಪ ಗಾಳಿಯಾಡಿದ ಮೇಲೆ ವ್ಯಾನು ಏನೂ ಆಗದ ಹಾಗೆ ಸ್ಟಾರ್ಟ್ ಆಯಿತು. ಅಮ್ಮ ಮನೆ ಸೇರುವತನಕ ಸೆರಗನ್ನು ಎಳೆದೆಳೆದು ಸರಿಮಾಡಿಕೊಳ್ಳುತ್ತಲೇ ಇದ್ದಳು.

ಆಮೇಲೆ ಅವಳು ಹೊರಗೆ ಹೋಗುವುದನ್ನೇ ಬಿಟ್ಟಳು. ಒಂದು ಭಾನುವಾರ ತಲೆಸುತ್ತು ಎಂದಳು, ಇನ್ನೊಂದು ಭಾನುವಾರ ಬಿಸಿಲು ಎಂದಳು. "ಅಕ್ಕನ ಹತ್ರ ಫೋನಲ್ಲಿ ಮಾತಾಡ್ತಾನೇ ಇರ್ತೀನಲ್ಲ" ಎಂದಳು. ಮೂರು ಮನೆ ಆಚೆಗಿನ ಅರಿಸಿನ ಕುಂಕುಮಕ್ಕೂ ಹೋಗಲಿಲ್ಲ. ನನಗೆ ರೇಗಿತು. ಕೂರಿಸಿಕೊಂಡು ಕೇಳಿದೆ.

"ಮೂಟೆ ಎತ್ತಿದ ಹಾಗೆ ಎತ್ತಿದ್ರು ಕಣೇ," ಎಂದಳು. "ಸೆರಗೆಲ್ಲ ಜಾರಿತ್ತು. ಬಸ್ಸಲ್ಲಿದ್ದೋರೆಲ್ಲ ಕಿಟಕೀಲಿ ನೋಡ್ತಿದ್ರು. ನಿನ್ನ ಗಾಡಿ ಸಹವಾಸ ಸಾಕು."

ಕೇಳಿ ನನಗೆ ಸಿಟ್ಟು ಬಂತು. ಅವಳ ಮೇಲಲ್ಲ, ಆ ಎಂಜಿನ್ನಿನ ಮೇಲೆ. ನಮ್ಮಮ್ಮ ಮತ್ತೆ ಆ ಸೀಟಿನಲ್ಲಿ ಕೂರಬೇಕು, ತಾನಾಗಿಯೇ ಕೂರಬೇಕು ಎಂದು ಅವತ್ತೇ ತೀರ್ಮಾನ ಮಾಡಿದೆ.

ಮೆಕ್ಯಾನಿಕ್ ಕಾರ್ಬುರೇಟರ್ ತೊಳೆದ, ಪ್ಲಗ್ ಬದಲಾಯಿಸಿದ, ಕೊನೆಗೆ "ಮಾರ್ಬಿಡಿ ಮೇಡಂ" ಎಂದ. ಎಲ್ಲರೂ ಹೇಳುವುದನ್ನು ಹೇಳಲು ಮೆಕ್ಯಾನಿಕ್ ಯಾಕೆ ಬೇಕು? ನಾನೇ ಗಮನಿಸತೊಡಗಿದೆ. ಬೆಳಗಿನ ತಂಪಿನಲ್ಲಿ ವ್ಯಾನು ಚೆನ್ನಾಗಿಯೇ ಓಡುತ್ತಿತ್ತು. ಮಧ್ಯಾಹ್ನ, ಅದೂ ಆಮೆವೇಗದ ಟ್ರಾಫಿಕ್ಕಿನಲ್ಲಿ, ಮುಖ ಸಿಂಡರಿಸುತ್ತಿತ್ತು. ಒಂದು ಮಧ್ಯಾಹ್ನ ಶಾಲೆಯಿಂದ ಬಂದವಳೇ ಸೀಟು ಎತ್ತಿ, ಎಂಜಿನ್ನು ಗಾಳಿ ಎಳೆದುಕೊಳ್ಳುವ ಬಾಯಿಯ ಹತ್ತಿರ ಕೈ ಹಿಡಿದೆ. ತಕ್ಷಣ ಹಿಂದಕ್ಕೆ ಎಳೆದುಕೊಂಡೆ. ಆ ಬಾಯಿ ಕಾದ ಸೈಲೆನ್ಸರ್ ಪೈಪಿನ ಮಗ್ಗುಲಲ್ಲೇ ಇತ್ತು. ಎಂಜಿನ್ನು ತನ್ನ ಬಿಸಿಯುಸಿರನ್ನು ತಾನೇ ಮತ್ತೆ ಕುಡಿಯುತ್ತಿತ್ತು. ಬಿಸಿಯಾದ ಗಾಳಿ ಹಿಗ್ಗಿ ತೆಳುವಾಗುತ್ತದೆ ಎಂದು ಪ್ರತಿವರ್ಷ ಬೋರ್ಡಿನ ಮೇಲೆ ಬರೆಯುವವಳು ನಾನು. ತೆಳುವಾದ ಗಾಳಿ ಎಷ್ಟು ಕುಡಿದರೂ ಎಂಜಿನ್ನಿಗೆ ಹೊಟ್ಟೆ ತುಂಬುವುದಿಲ್ಲ. ಫಿಲ್ಟರ್ ಬಿಚ್ಚಿ ತಟ್ಟಿದರೆ ರಾಗಿಹಿಟ್ಟಿನಂಥ ಧೂಳು ಸುರಿಯಿತು.

ಮಾರೇನಹಳ್ಳಿಯ ಬಿಡಿಭಾಗಗಳ ಅಂಗಡಿಯಲ್ಲಿ ಶಾಖ ತಡೆಯುವ, ಮಡಿಕೆ ಮಡಿಕೆಯ ರಬ್ಬರ್ ಕೊಳವೆ ಕೇಳಿದೆ. "ಯಾವ ಮಾಡೆಲ್ಲಿಗೆ ಮೇಡಂ?" ಎಂದ ಅಂಗಡಿಯವನು. "ಯಾವ ಮಾಡೆಲ್ಲಿಗೂ ಅಲ್ಲ, ನಾನು ಮಾಡೋದಕ್ಕೆ" ಎಂದೆ. ಭಾನುವಾರ ಗೇಟಿನ ಮುಂದೆ ಹಳೆಯ ಚಾಪೆ ಹಾಸಿ ಮಲಗಿ, ಫಿಲ್ಟರ್ ಡಬ್ಬಿಯಿಂದ ಮುಂದಿನ ಬಂಪರಿನ ಕೆಳಗಿನವರೆಗೆ ಆ ಕೊಳವೆ ಎಳೆದೆ. ಸೈಲೆನ್ಸರ್ ಹತ್ತಿರ ಹಾಯುವಲ್ಲಿ ಬೆಳ್ಳಿ ಬಣ್ಣದ ಹಾಳೆ ಸುತ್ತಿದೆ. ಮಳೆನೀರು ಒಳಗೆ ನುಗ್ಗದೆ ಸೋರಿಹೋಗಲೆಂದು ತಗ್ಗಿನ ತಿರುವಿನಲ್ಲಿ ಒಂದು ತೂತು ಕೊರೆದೆ. ಪಕ್ಕದ ಮನೆಯವರು ಅವತ್ತು ಎರಡು ಸಲ ಕಸ ಹಾಕಲು ಹೊರಗೆ ಬಂದರು.

ಮಾರನೆಯ ದಿನದ ಉರಿಬಿಸಿಲಲ್ಲಿ ವ್ಯಾನು ಏರು ಹತ್ತಿದ ರೀತಿ ನೋಡಿ ನನಗೆ ನನ್ನ ಬೆನ್ನು ನಾನೇ ತಟ್ಟಿಕೊಳ್ಳಬೇಕೆನಿಸಿತು. ಅಮ್ಮನನ್ನು ಗೇಟಿನವರೆಗೆ ಕರೆತಂದು ತೋರಿಸಿದೆ. "ನೋಡು, ಮೂಗನ್ನ ಮುಂದಕ್ಕೆ ತಂದಿದೀನಿ. ಇನ್ಮೇಲೆ ತಣ್ಣಗಿರೋ ಶುದ್ಧವಾದ ಗಾಳಿ ಹೋಗುತ್ತೆ."

"ಅಷ್ಟು ಕೆಳಗಾ? ರಸ್ತೆ ಧೂಳೆಲ್ಲ ಅಲ್ಲೇ ಅಲ್ವೇನೇ ಏಳೋದು?"

"ಒಳಗೆ ಫಿಲ್ಟರ್ ಇದೆ ಬಿಡಮ್ಮ. ಈ ಭಾನುವಾರ ಬರ್ತೀಯಾ?"

"ಇಲ್ಲ," ಎಂದು ಒಳಗೆ ಹೋದಳು.

ಶುಕ್ರವಾರ ಶಾಲೆಗೆ ಹೊರಟರೆ, ವ್ಯಾನು ಎರಡು ರಸ್ತೆ ದಾಟುವುದರೊಳಗೆ ಕಪ್ಪು ಹೊಗೆ ಉಗುಳಿ ತಿಣುಕತೊಡಗಿತು. ಮೊದಲಿಗಿಂತ ಕಡೆ. ಪಕ್ಕಕ್ಕೆ ನಿಲ್ಲಿಸಿ, ನಾನು ಹಾಕಿದ ಒಂದೊಂದು ಕ್ಲಿಪ್ಪನ್ನೂ ಅಲ್ಲಾಡಿಸಿ ನೋಡಿದೆ. ಎಲ್ಲವೂ ಬಿಗಿಯಾಗಿದ್ದವು. ಬೈಕಿನಲ್ಲಿ ಹೋಗುತ್ತಿದ್ದವನೊಬ್ಬ ನಿಧಾನಿಸಿ, "ತಳ್ಬೇಕಾ ಆಂಟಿ?" ಎಂದ. "ಬೇಡಪ್ಪ, ನೀನು ಹೋಗು" ಎಂದು ಬಂಪರಿನ ಕೆಳಗೆ ಕೈ ಹಾಕಿದೆ. ಕೊಳವೆಯ ಬಾಯಲ್ಲಿ ಕೈಗೆ ಬಟ್ಟೆ ಸಿಕ್ಕಿತು. ನಾಲ್ಕು ಮಡಿಕೆಯ ಪಂಚೆ ಬಟ್ಟೆ, ದಾರ ಸುತ್ತಿ ಅಚ್ಚುಕಟ್ಟಾಗಿ ಗಂಟು ಹಾಕಿತ್ತು.

ಆ ಗಂಟು ಯಾರದೆಂದು ನನಗೆ ಗೊತ್ತು. ಬೋರ್‌ವೆಲ್ ನೀರಿನ ಮರಳು ಬಾರದಿರಲೆಂದು ನಮ್ಮ ಅಡುಗೆಮನೆಯ ನಲ್ಲಿಗೂ, ಬಚ್ಚಲಿನ ನಲ್ಲಿಗೂ ಅಪ್ಪನ ಹಳೆಯ ಪಂಚೆಯ ತುಂಡು ಕಟ್ಟಿರುವುದು ಅಮ್ಮ. ಹಾಗೆ ಕಟ್ಟಿದರೆ ನೀರು ಶುದ್ಧವಾಗುತ್ತದೆ, ನಿಜ. ಎಂಜಿನ್ನಿಗೆ ಮಾತ್ರ ಅದು ಮೂಗು ಹಿಚುಕಿದ ಹಾಗೆ.

ಬಟ್ಟೆ ಕಿತ್ತು ಬ್ಯಾಗಿಗೆ ತುರುಕಿ, ಇಡೀ ದಿನ ಮಕ್ಕಳ ಮೇಲೆ ರೇಗಾಡಿ, ಸಂಜೆ ಮನೆಗೆ ಬಂದೆ. ಅಮ್ಮ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಬಟ್ಟೆಯನ್ನು ಅವಳ ಮುಂದೆ ಹಾಕಿ, "ಏನಮ್ಮ ಇದು? ಗಾಡಿ ಉಸಿರು ಕಟ್ಟಿ ಸಾಯ್ತಿತ್ತು" ಎಂದೆ.

"ನಿಂತ್ಹೋಯ್ತಾ?" ಅವಳ ಮುಖ ಬಾಡಿತು. "ಧೂಳು ಹೋಗದೆ ಇರ್ಲಿ ಅಂತ ಕಟ್ಟಿದೆ ಕಣೇ. ನಾಡಿದ್ದು ಅಕ್ಕನ ಮನೆಗೆ ಹೋಗೋಣ ಅಂತಿದ್ದೆ. ಮತ್ತೆ ಅವತ್ತಿನ ಥರ ಆಗ್ಬಾರ್ದಲ್ಲ."

ಬರುವುದಿಲ್ಲ ಎಂದವಳು ಬರಲು ಮನಸ್ಸು ಮಾಡಿದ್ದಳು. ಅಷ್ಟೇ ಅಲ್ಲ, ಬಂಪರಿನ ಕೆಳಗೆ ಕೈ ತಾಗಬೇಕಾದರೆ ನೆಲಮಟ್ಟಕ್ಕೆ ಕೂರಬೇಕು. "ಹೇಗೆ ಕೂತೆ?" ಎಂದು ಕೇಳಿದೆ. ಬೆಳಿಗ್ಗೆ ನಾನು ಸ್ನಾನಕ್ಕೆ ಹೋಗಿದ್ದಾಗ, ಒಗೆಯುವಾಗ ನಾನು ಹಾಕಿಕೊಳ್ಳುವ ಗಿಡ್ಡ ಸ್ಟೂಲನ್ನು ರಸ್ತೆಗೆ ಒಯ್ದು, ಬಂಪರ್ ಹಿಡಿದು ಕೂತು, ಅದನ್ನೇ ಹಿಡಿದು ಎದ್ದಳಂತೆ. ಜನ ನೋಡುತ್ತಾರೆ ಎಂದು ಮನೆಯೊಳಗೆ ಕೂತಿದ್ದವಳು ಹಾಡಹಗಲಲ್ಲಿ ರಸ್ತೆಯ ಮೇಲೆ ಕೂತು ಗಂಟು ಹಾಕಿದ್ದಳು. ನನಗೆ ಎಷ್ಟು ಸಂತೋಷವಾಯಿತೆಂದರೆ, ಅವಳ ಪಕ್ಕ ಕೂತು ನಾನೂ ಬೆಳ್ಳುಳ್ಳಿ ಸುಲಿಯತೊಡಗಿದೆ.

ಸುಲಿಯುತ್ತಾ ಆ ಬಟ್ಟೆಯನ್ನು ನೋಡಿದೆ. ಎರಡು ರಸ್ತೆ ಓಡಿದ್ದಕ್ಕೇ ಅದು ಕೆಂಪಗೆ ಮಾಸಿತ್ತು. ನಾನು ಕೊಟ್ಟ ಗಾಳಿ ತಣ್ಣಗಿತ್ತು, ಶುದ್ಧವಾಗಿರಲಿಲ್ಲ. ಅಮ್ಮ ಕೇಳಿದ ಪ್ರಶ್ನೆ ಸರಿಯಾಗಿಯೇ ಇತ್ತು, ಅವಳ ಉಪಾಯವನ್ನು ಬೇರೆ ಥರ ಬಳಸಬೇಕಿತ್ತು ಅಷ್ಟೆ. "ಪಂಚೆ ಇನ್ನೂ ಇದೆಯಾ?" ಎಂದೆ. ಅವಳು ಪೆಟ್ಟಿಗೆ ತೋರಿಸಿದಳು.

ತುಂಡುಗಳನ್ನು ಅವಳು ಹರಿದುಕೊಟ್ಟಳು, ನಾನು ಕಟ್ಟಿದೆ. ಕೊಳವೆಯ ಬಾಯಿಗಲ್ಲ, ಎಲ್ಲಿ ಧೂಳು ಕಡಿಮೆ ಎಂದು ನೋಡಲು ಗಾಡಿಯ ಬೇರೆ ಬೇರೆ ಕಡೆ: ಬಂಪರಿನ ಕೆಳಗೆ ಒಂದು, ಹೆಡ್‌ಲೈಟಿನ ಹಿಂದೆ ಒಂದು, ಮುಂದಿನ ಗಾಜಿನ ಬುಡದಲ್ಲಿರುವ ಜಾಲರಿಯ ಹಿಂದೆ ಒಂದು. ಶನಿವಾರ ಶಾಲೆಗೂ ಹೋಗಿ, ರಸ್ತೆ ಅಗೆದಿರುವ ಕಡೆಯೆಲ್ಲ ಹುಡುಕಿಕೊಂಡು ಸುತ್ತಿ ಬಂದೆ. ಅಮ್ಮ ಕನ್ನಡಕ ಹಾಕಿಕೊಂಡು, ತುಂಡುಗಳನ್ನು ಕಿಟಕಿಯ ಬೆಳಕಿಗೆ ಹಿಡಿದು, ಅಕ್ಕಿ ಆರಿಸುವಾಗಿನ ಮುಖ ಮಾಡಿ ನೋಡಿದಳು. ಬಂಪರಿನದು ಮಣ್ಣಿನ ಬಣ್ಣ, ಹೆಡ್‌ಲೈಟಿನದು ಬೂದಿ ಬಣ್ಣ. "ಇದು ಇನ್ನೊಂದು ಸಲ ನಲ್ಲಿಗೆ ಕಟ್ಟಬಹುದು" ಎಂದು ಮೂರನೆಯದನ್ನು ಎತ್ತಿಟ್ಟಳು. ಕತ್ತಲಾಗುವುದರೊಳಗೆ ನಾನು ಕೊಳವೆಯ ಬಾಯಿಯನ್ನು ಗಾಜಿನ ಬುಡದ ಆ ಜಾಲರಿಗೆ ಏರಿಸಿ, ಹೊಸ ಫಿಲ್ಟರ್ ಹಾಕಿದೆ.

ಭಾನುವಾರ ಹನ್ನೊಂದು ಗಂಟೆಯ ಬಿಸಿಲಿಗೇ ಬೇಕೆಂದು ಹೊರಟೆ. ಅಮ್ಮ ಬೆನ್ನು ತಿರುಗಿಸಿ ಒರಗಿ ಕೂತಳು. ನಾಗರಭಾವಿ ದಾಟುವವರೆಗೂ ಅವಳ ಕೈ ಬಾಗಿಲ ಹಿಡಿಯ ಮೇಲೇ ಇತ್ತು. ಉಲ್ಲಾಳದ ಕಡೆ ಟ್ರಾಫಿಕ್ ಹೆಪ್ಪುಗಟ್ಟಿ ನಿಂತಿತ್ತು, ಬಸ್ಸು ಅರ್ಧ ಗಾಡಿಯಷ್ಟು ಮುಂದೆ ಹೋಗುವುದು, ಮತ್ತೆ ನಿಲ್ಲುವುದು. ಇಬ್ಬರೂ ಎಂಜಿನ್ನಿನ ಸದ್ದು ಕೇಳುತ್ತಾ ಕೂತಿದ್ದೆವು. ಅದು ಒಂದೇ ಸಮನೆ ಗುನುಗುತ್ತಿತ್ತು, ಸೀಟು ಕೂಡ ಮೊದಲಿನಷ್ಟು ಸುಡುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಅಮ್ಮ ಹಿಡಿ ಬಿಟ್ಟು ಕೈಚೀಲ ತೆರೆದು, "ಕಿತ್ತಳೆ ಹಣ್ಣು ತಿಂತೀಯಾ?" ಎಂದಳು.

ಕೆಂಗೇರಿಯಲ್ಲಿ ದೊಡ್ಡಮ್ಮ ಗೇಟಿನ ಹತ್ತಿರವೇ ಕಾಯುತ್ತಿದ್ದಳು. ನಾನು ಸುತ್ತಿಕೊಂಡು ಬಂದು ಕೈ ಚಾಚುವಷ್ಟರಲ್ಲಿ ಅಮ್ಮ ಬಾಗಿಲ ಚೌಕಟ್ಟು ಹಿಡಿದು, ಒಂದು ಕಾಲು, ಆಮೇಲೆ ಇನ್ನೊಂದು ಕಾಲು ಇಟ್ಟು, ಸೆರಗು ಸರಿಮಾಡಿಕೊಂಡು ನಿಂತಿದ್ದಳು.

"ಗಾಡಿ ಕೆಟ್ಟೋಗಿದೆ ಅಂತಿದ್ದೆ, ಯಾರ ಹತ್ರ ಮಾಡಿಸಿದ್ರೇ?" ಎಂದಳು ದೊಡ್ಡಮ್ಮ.

"ಯಾರ ಹತ್ರಾನೂ ಇಲ್ಲ. ನಾವೇ ಮಾಡ್ಕೊಂಡ್ವಿ," ಎಂದಳು ಅಮ್ಮ. "ನೀನು ಬೇರೆ ಸೀರೆ ಉಟ್ಕೊಂಡು ಬಾ. ಸುಮ್ನೆ ಮನೇಲಿ ಏನ್ ಕೂರೋದು, ಒಂದು ಸುತ್ತು ಹೋಗಿ ಬರೋಣ."

ದೊಡ್ಡಮ್ಮ ನನ್ನ ಮುಖ ನೋಡಿದಳು, ನಾನು ತಲೆಯಾಡಿಸಿದೆ. ಅವಳು ಸೀರೆ ಬದಲಾಯಿಸಲು ಒಳಗೆ ಹೋದಳು. ನಾನು ತಿರುಗಿ ನೋಡುವಷ್ಟರಲ್ಲಿ ಅಮ್ಮ ಮತ್ತೆ ಹತ್ತಿ ಕೂತಾಗಿತ್ತು.