ಎರಡು ಗಂಟೆಯ ಮಗ್ಗುಲು

ನಂಬಿ ಎಂದು ಯಾರನ್ನೂ ಒತ್ತಾಯ ಮಾಡುವುದಿಲ್ಲ. ಆದರೆ ಆ ನೋಟ್‌ಬುಕ್ ಇನ್ನೂ ನನ್ನ ಟ್ರಂಕಿನಲ್ಲಿದೆ. ನೀಲಿ ರಟ್ಟು, ಇನ್ನೂರು ಪುಟ. ನಲವತ್ತೊಂದನೇ ರಾತ್ರಿಯ ಪುಟ ತೆಗೆದರೆ ಎರಡು ಗಂಟೆಯ ಸಾಲು ಕಾಣುತ್ತದೆ. ಅಕ್ಷರ ನನ್ನದೇ. ಕೆಲಸ ನನ್ನದಲ್ಲ.

2006ರ ಮೇ ತಿಂಗಳು. ನನಗೆ ಇಪ್ಪತ್ತಮೂರು ವರ್ಷ. ದಾವಣಗೆರೆಯ ಒಂದು ನರ್ಸಿಂಗ್ ಹೋಮಿನಲ್ಲಿ ಆಯಾ ಕೆಲಸ ಕಲಿತು, ದೆಹಲಿಯ ಸರೋಜಿನಿ ನಗರದಲ್ಲಿದ್ದ ಅಕ್ಕನ ಮನೆಗೆ ಬಂದಿದ್ದೆ. ಯಾವ ಏಜೆನ್ಸಿಗೂ ಸೇರಲಿಲ್ಲ. ಕನ್ನಡದವರ ಮನೆಗಳಲ್ಲಿ ಬಾಯಿಂದ ಬಾಯಿಗೆ ವಿಷಯ ತಿಳಿದು, ನಾನೇ ಹೋಗಿ ಮಾತಾಡಿ, ಹಾಸಿಗೆ ಹಿಡಿದವರನ್ನು ಅವರ ಮನೆಯಲ್ಲೇ ಇದ್ದು ನೋಡಿಕೊಳ್ಳುತ್ತಿದ್ದೆ.

ಈ ಮನೆ ಕಿದ್ವಾಯಿ ನಗರದ ಸರ್ಕಾರಿ ಕ್ವಾರ್ಟರ್ಸ್‌ನಲ್ಲಿತ್ತು, ಮೊದಲ ಮಹಡಿ. ಯಜಮಾನರು ಕೇಂದ್ರ ಸರ್ಕಾರದ ನೌಕರಿಯಲ್ಲಿದ್ದರು, ಹೆಂಡತಿ ಸುಧಾ ಆಂಟಿ. ನಾನು ನೋಡಿಕೊಳ್ಳಬೇಕಾದದ್ದು ಯಜಮಾನರ ತಾಯಿಯನ್ನು. ಲಕ್ವ ಹೊಡೆದು ಅಜ್ಜಿಯ ಬಲಭಾಗ ಪೂರ್ತಿ ಬಿದ್ದುಹೋಗಿತ್ತು. ಭಾರೀ ಮೈ. ಮಾತು ನಾಲ್ಕಾರು ಶಬ್ದಕ್ಕೆ ಇಳಿದಿತ್ತು.

"ಎಡ ಸೊಂಟದ ಹತ್ರ ಹುಣ್ಣಾಗಿ ಈಗಷ್ಟೇ ಮಾಯ್ದಿದೆ," ಎಂದು ಆಂಟಿ ಮೊದಲ ದಿನವೇ ತೋರಿಸಿದ್ದರು. "ಇನ್ನೊಂದು ಸಲ ಬಾಯಿ ಬಿಟ್ರೆ ಈ ವಯಸ್ಸಿಗೆ ಜೀವ ತಡೆಯೋದಿಲ್ಲ ಅಂದಿದ್ದಾರೆ ಡಾಕ್ಟರು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಲೇಬೇಕು. ರಾತ್ರಿನೂ."

"ಎಲ್ಲಾ ಬರೆದಿಡ್ತೀನಿ ಆಂಟಿ."

"ಬರೆಯೋದು ಆಮೇಲೆ. ಮೊದಲು ತಿರುಗಿಸು ತಾಯಿ!"

ಅವತ್ತೇ ಗೆರೆ ಎಳೆದೆ. ಗಂಟೆ, ಮಗ್ಗುಲು, ಚರ್ಮ, ಮಾಡಿದವರು. ನಲವತ್ತು ರಾತ್ರಿ, ಒಂದು ಸಾಲೂ ಖಾಲಿ ಬಿಟ್ಟಿರಲಿಲ್ಲ.

ಅದೇ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಇನ್ನೊಂದು ಲೆಕ್ಕ ಇತ್ತು. ದಿನಾ ಸಂಜೆ ದೀಪ ಹಚ್ಚುವ ಹೊತ್ತಿಗೆ ಅಜ್ಜಿ ಬಾಗಿಲ ಕಡೆ ಕಣ್ಣು ಹಾಯಿಸಿ, ಸೊಟ್ಟ ಬಾಯಲ್ಲಿ ಕಷ್ಟಪಟ್ಟು ಕೇಳುತ್ತಿದ್ದರು, "ಪುಷ್ಪಾ... ಬಂದ್ಲಾ?"

ನನಗಿಂತ ಮೊದಲು ನಾಲ್ಕು ವರ್ಷ ಆ ಮನೆಯಲ್ಲಿದ್ದ ಹೆಂಗಸು ಪುಷ್ಪಾ. ಗಢ್ವಾಲ್ ಬೆಟ್ಟಗಳ ಕಡೆಯವಳು. "ಛುಟ್ಟಿ ಮೇಲೆ ಹೋಗಿದ್ದಾಳೆ, ಬರ್ತಾಳೆ," ಎನ್ನುತ್ತಿದ್ದರು ಆಂಟಿ. ನಾನೂ ಅದನ್ನೇ ಹೇಳುತ್ತಿದ್ದೆ, ಮನಸ್ಸಿನಲ್ಲಿ ಮಾತ್ರ ಅವಳು ಬಾರದಿದ್ದರೆ ಸಾಕು ಎಂದುಕೊಳ್ಳುತ್ತಿದ್ದೆ. ಬಂದರೆ ನನ್ನ ಕೆಲಸ ಹೋಗುತ್ತಿತ್ತಲ್ಲ. ಅಜ್ಜಿ ಕೇಳಿದಾಗಲೆಲ್ಲ ಒಂದೊಂದು ಗೀಟು ಹಾಕುತ್ತಿದ್ದೆ, ಕೆಲವು ಸಂಜೆ ಎರಡೆರಡು. ನಲವತ್ತೊಂದನೇ ದಿನ ಶನಿವಾರ, ಆ ಸಂಜೆಗೆ ಐವತ್ತೆಂಟು.

ಆ ಶನಿವಾರ ಗಾಜಿಯಾಬಾದಿನಲ್ಲಿ ನೆಂಟರ ಮನೆ ಗೃಹಪ್ರವೇಶ. ಆಂಟಿ, ಯಜಮಾನರು ಇಬ್ಬರೂ ಹೊರಟರು.

"ಬೆಳಿಗ್ಗೆ ಒಂಬತ್ತಕ್ಕೆಲ್ಲ ಬಂದ್ಬಿಡ್ತೀವಿ. ಒಳಗಿನಿಂದ ಚಿಲಕ ಹಾಕ್ಕೋ. ಹೆದರಿಕೆ ಆಗಲ್ಲ ತಾನೇ?"

"ಅಜ್ಜಿ ಇದ್ದಾರಲ್ಲ ಆಂಟಿ."

"ಹೌದೌದು, ಕಳ್ಳ ಬಂದ್ರೆ ಅವರೇ ಎದ್ದು ಓಡಿಸ್ತಾರೆ!" ಎಂದು ನಗುತ್ತಾ ಮೆಟ್ಟಿಲಿಳಿದರು.

ಹಿಂದಿನ ಎರಡು ರಾತ್ರಿ ಅಜ್ಜಿಗೆ ಹೊಟ್ಟೆ ಕೆಟ್ಟು ನಾನು ಕಣ್ಣು ಮುಚ್ಚಿರಲಿಲ್ಲ. ಹನ್ನೆರಡು ಗಂಟೆಗೆ ಎಡಕ್ಕೆ ತಿರುಗಿಸುವಾಗ ಸೊಂಟ ನೋಡಿದೆ. ಹಳೇ ಗಾಯದ ಸುತ್ತ ಅಂಗೈಯಗಲ ಕೆಂಪು. ಬೆರಳಿಂದ ಒತ್ತಿದರೂ ಬಿಳಿಚಲಿಲ್ಲ. ಅದು ಹುಣ್ಣು ಮತ್ತೆ ಶುರುವಾಗುವ ಗುರುತು. ಬಲ ಭುಜದ ನೋವಿಗೆ ಅಜ್ಜಿಯನ್ನು ಬಲಕ್ಕೇ ಬಿಡುವ ಹಾಗೂ ಇರಲಿಲ್ಲ. ಎಡಕ್ಕೇ ಮಲಗಿಸಿದೆ. ಆದರೆ ಎರಡು ಗಂಟೆ ದಾಟಿ ಒಂದು ನಿಮಿಷವೂ ಬಿಡಬಾರದು... ಬಿಟ್ಟರೆ ಒಡೆಯುತ್ತದೆ.

ಆಗ ಒಂದು ತಪ್ಪು ಮಾಡಿದೆ. ಎದ್ದು ತಿರುಗಿಸುವುದಂತೂ ಖಂಡಿತ, ಬರೆಯುವ ಕೆಲಸವನ್ನಾದರೂ ಮುಗಿಸಿಟ್ಟರೆ ಲೈಟು ಹಾಕುವುದು ತಪ್ಪುತ್ತದೆ ಎಂದು ಮುಂದಿನ ಸಾಲನ್ನು ಆಗಲೇ ತುಂಬಿದೆ. "2 ಗಂಟೆ. ಬಲ. ಸರಿ ಇದೆ." ಕೊನೆಯಲ್ಲಿ ನನ್ನ ಹೆಸರು. ಮೊಬೈಲಿನಲ್ಲಿ ಅಲಾರಾಂ ಇಟ್ಟು, ಚಾರ್ಜಿಗೆ ಹಾಕಿ, ಮಂಚದ ಪಕ್ಕ ಚಾಪೆಯ ಮೇಲೆ ಉರುಳಿದೆ. ಕಿಟಕಿಯಲ್ಲಿ ಕೂಲರ್ ಗುರ್ ಎನ್ನುತ್ತಿತ್ತು.

ನನಗೆ ಎಚ್ಚರವಾದದ್ದು ನಿಶ್ಶಬ್ದಕ್ಕೆ.

ಕರೆಂಟು ಯಾವಾಗಲೋ ಹೋಗಿತ್ತು. ಕೂಲರ್ ನಿಂತಿತ್ತು. ಕಣ್ಣು ಬಿಟ್ಟರೂ ಮುಚ್ಚಿದರೂ ಒಂದೇ ಕತ್ತಲೆ. ಸೆಖೆಯಲ್ಲಿ ಒಂದು ವಾಸನೆ... ಬೆಳ್ಳುಳ್ಳಿ ಹಾಕಿ ಬಿಸಿ ಮಾಡಿದ ಸಾಸಿವೆ ಎಣ್ಣೆ. ಆ ಮನೆಯಲ್ಲಿ ಸಾಸಿವೆ ಎಣ್ಣೆಯೇ ಇರಲಿಲ್ಲ.

ಮೇಲೆ ಮಂಚದ ಆ ಬದಿಯಿಂದ ಗಾಜಿನ ಬಳೆಗಳ ಸದ್ದು.

"ಏಕ್..."

ಪಿಸುದನಿ. ಹೆಂಗಸಿನದು. ಕೆಲಸದಲ್ಲಿರುವವರ ಏದುಸಿರು ಅದರಲ್ಲಿತ್ತು.

"ದೋ..."

ಮೂರನೆಯದು ಬರಲಿಲ್ಲ. ಮಂಚ ಒಮ್ಮೆ ಕಿರ್ ಎಂದಿತು. ಭಾರವಾದ ಮೈ ಹೊರಳಿದ ಸದ್ದು. ಅಜ್ಜಿ ಉಸಿರು ಬಿಟ್ಟರು... ನೋವಿನದಲ್ಲ, ಹಾಯಾದಾಗ ಬಿಡುವಂಥದ್ದು.

ಏಳಬೇಕೆಂದರೆ ಕೈಕಾಲು ನನ್ನ ಮಾತು ಕೇಳಲಿಲ್ಲ. ಬಳೆಯ ಸದ್ದು ಮಂಚದ ಕಾಲಿನ ಕಡೆಗೆ ಹೋಯಿತು. ಅಲ್ಲಿ ಸ್ವಲ್ಪ ಹೊತ್ತು ಏನೋ ಸುತ್ತುತ್ತಿತ್ತು. ಆಮೇಲೆ ನನ್ನ ಚಾಪೆಯ ಅಂಚಿಗೆ ಬಂದು ನಿಂತಿತು. ಎಷ್ಟು ಹೊತ್ತು ನಿಂತಿತೋ, ಅದೊಂದನ್ನು ಲೆಕ್ಕ ಇಡಲು ನನ್ನಿಂದ ಆಗಲಿಲ್ಲ.

ಗುರ್ ಎಂದು ಕೂಲರ್ ತಿರುಗಿತು. ಹಾರಿ ಎದ್ದು ಲೈಟು ಹಾಕಿದೆ. ಗೋಡೆ ಗಡಿಯಾರದಲ್ಲಿ ಮೂರೂ ಇಪ್ಪತ್ತು. ಚಾರ್ಜಾಗದೆ ಮೊಬೈಲ್ ಸತ್ತುಹೋಗಿತ್ತು.

ಅಜ್ಜಿ ಬಲಮಗ್ಗುಲಾಗಿದ್ದರು. ನಾನು ಬರೆದಿಟ್ಟ ಹಾಗೆಯೇ.

ಮುಂಬಾಗಿಲಿಗೆ ಓಡಿದೆ. ಚಿಲಕ ಹಾಕಿದ್ದು ಹಾಕಿದ ಹಾಗೇ ಇತ್ತು. ಬಾಲ್ಕನಿ ಬಾಗಿಲೂ ಅಷ್ಟೇ. ವಾಪಸು ಬಂದು ಅಜ್ಜಿಯ ಸೊಂಟ ನೋಡಿದೆ. ಕೆಂಪು ಇಳಿದಿತ್ತು. ಒತ್ತಿದರೆ ಬಿಳಿಚಿ ಮತ್ತೆ ರಕ್ತ ತುಂಬುತ್ತಿತ್ತು. ಚರ್ಮದ ಮೇಲೆ ಎಣ್ಣೆಯ ಹೊಳಪು.

ಹಿಮ್ಮಡಿ ಒತ್ತದಿರಲೆಂದು ನಾನು ಟವೆಲನ್ನು ನಾಲ್ಕು ಮಡಿಕೆ ಮಾಡಿ ಇಟ್ಟಿದ್ದೆ. ಈಗ ಅದೇ ಟವೆಲು ಬಿಗಿಯಾಗಿ ಸುರುಳಿ ಸುತ್ತಿಕೊಂಡು, ತಲೆ ಮೇಲೆ ಕೊಡ ಹೊರುವವರ ಸಿಂಬೆಯಂತಾಗಿ, ಅಜ್ಜಿಯ ಹಿಮ್ಮಡಿಯ ಕೆಳಗಿತ್ತು. ಅದನ್ನು ಮುಟ್ಟುವ ಧೈರ್ಯ ನನಗಾಗಲಿಲ್ಲ.

ಅಜ್ಜಿಗೆ ಎಚ್ಚರವಿತ್ತು. "ಅಜ್ಜಿ... ಯಾರು?" ಎಂದೆ. ಅವರು ನನ್ನನ್ನು ನೋಡಲಿಲ್ಲ. ನನ್ನ ಭುಜದ ಹಿಂದೆ ನೋಡುತ್ತಿದ್ದರು.

ನಾಲ್ಕಕ್ಕೆ ಮತ್ತೆ ತಿರುಗಿಸಬೇಕು. ಓಡಿಹೋಗಿ ಪಕ್ಕದ ಮನೆಯವರನ್ನು ಎಬ್ಬಿಸೋಣ ಎನ್ನಿಸಿತು. ಆದರೆ ಬಲ ಭುಜದ ನೋವಿಗೆ ಅಜ್ಜಿ ಆಗಲೇ ಮುಖ ಕಿವುಚುತ್ತಿದ್ದರು. ಮಂಚಕ್ಕೆ ಮೊಣಕಾಲು ಕೊಟ್ಟು, ಅಡ್ಡ ಹಾಸಿದ ಬೆಡ್‌ಶೀಟಿನ ಅಂಚು ಹಿಡಿದೆ. ಒಬ್ಬಳೇ ಎಳೆದರೆ ಪ್ರತಿಸಲವೂ ನನ್ನ ನಡ ಹಿಡಿದುಕೊಳ್ಳುತ್ತಿತ್ತು.

"ಒಂದು... ಎರಡು..."

ಮೂರು ಎನ್ನುವ ಮೊದಲೇ ಅಜ್ಜಿಯ ಮೈ ಮೇಲೆದ್ದು ಹೊರಳಿತು. ಹಗುರವಾಗಿ, ಎದುರು ಬದಿಯಿಂದ ಇನ್ನೆರಡು ಕೈ ಆನಿಕೊಟ್ಟ ಹಾಗೆ.

ನಾನು ತಲೆ ಎತ್ತಿ ಆ ಬದಿಗೆ ನೋಡಲಿಲ್ಲ.

ಒಂಬತ್ತೂ ಕಾಲಿಗೆ ಬಂದ ಸುಧಾ ಆಂಟಿ ಸೀದಾ ಅತ್ತೆಯ ಕೋಣೆಗೆ ಹೋದರು. ಹೊದಿಕೆ ಸರಿಸಿ ಹಿಮ್ಮಡಿಯ ಕೆಳಗಿನ ಸಿಂಬೆಯನ್ನು ಬೆರಳಿಂದ ಮುಟ್ಟಿದರು.

"ಈ ಸಿಂಬೆ ಸುತ್ತೋದು ನಿನಗೆ ಯಾರು ಹೇಳಿಕೊಟ್ರು?"

"ಯಾಕೆ ಆಂಟಿ?"

"ಪುಷ್ಪಾ ಹೀಗೇ ಸುತ್ತಿ ಇಡ್ತಿದ್ಲು. ಊರಲ್ಲಿ ನೀರು ಹೊರೋವಾಗ ಕಲಿತದ್ದು ಅಂತಿದ್ಲು." ಕೈ ಹಿಡಿದು ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ದನಿ ತಗ್ಗಿಸಿದರು. "ನಿನಗೂ ಹೇಳಿರಲಿಲ್ಲ. ಚಳಿಗಾಲದಲ್ಲಿ ಊರಿಗೆ ಹೋದವಳು ಜ್ವರ ಬಂದು ಅಲ್ಲೇ ತೀರಿಕೊಂಡ್ಲು. ಅತ್ತೆಗೆ ತಿಳಿದ್ರೆ ಎದೆ ಒಡ್ಕೋತಾರೆ ಅಂತ ಛುಟ್ಟಿ ಅಂತಿದೀವಿ. ನೀನೂ ಬಾಯಿ ಬಿಡ್ಬೇಡ."

ರಾತ್ರಿಯದು ಅವರಿಗೆ ಹೇಳೋಣವೆಂದು ಬಾಯಿ ತೆರೆದೆ. ಹೇಳಿದರೆ ನಾನು ಮಲಗಿಬಿಟ್ಟದ್ದನ್ನೂ ಹೇಳಬೇಕು. ಹೇಳಲಿಲ್ಲ.

ಅವತ್ತು ಸಂಜೆ ದೀಪ ಹಚ್ಚಿ ಪೆನ್ನು ಹಿಡಿದು ಕೂತೆ. ಅಜ್ಜಿ ಕೇಳಲಿಲ್ಲ. ಮರುದಿನವೂ ಇಲ್ಲ. ಗೀಟುಗಳು ಐವತ್ತೆಂಟಕ್ಕೇ ನಿಂತಿವೆ. ನಾನು ಆ ಮನೆಯಲ್ಲಿ ಇನ್ನೂ ಎಂಟು ತಿಂಗಳಿದ್ದೆ, ಪುಷ್ಪಾ ಬಂದಳಾ ಎಂದು ಅಜ್ಜಿ ಒಮ್ಮೆಯೂ ಕೇಳಲಿಲ್ಲ.

ಗಾಯವೂ ಮತ್ತೆ ಬಾಯಿ ಬಿಡಲಿಲ್ಲ. "ನಿನ್ನ ಕೈಗುಣ," ಎನ್ನುತ್ತಿದ್ದರು ಆಂಟಿ. ನಿದ್ದೆಗಣ್ಣಿನಲ್ಲಿ ನಾನೇ ಎದ್ದು ತಿರುಗಿಸಿರಬಹುದೇ? ಎಷ್ಟೋ ಸಲ ಯೋಚಿಸಿದ್ದೇನೆ. ಸಿಂಬೆ ಸುತ್ತಲು ನನಗೆ ಈಗಲೂ ಬರುವುದಿಲ್ಲ.

ಆ ಬೆಳಿಗ್ಗೆಯೇ ಎರಡು ಗಂಟೆಯ ಸಾಲಿನಿಂದ ನನ್ನ ಹೆಸರನ್ನು ಹೊಡೆದುಹಾಕಿದ್ದೆ. ಅಲ್ಲಿ ಬರೆಯಬೇಕಾದ ಹೆಸರು ಗೊತ್ತು, ಕೈ ಬರುವುದಿಲ್ಲ. ಅದರ ಕೆಳಗಿನ ಎಂಟು ತಿಂಗಳ ಸಾಲುಗಳಲ್ಲಿ 'ಮಾಡಿದವರು' ಎಂಬಲ್ಲಿ ನನ್ನ ಹೆಸರೊಂದೇ ಇದೆ. ಅಷ್ಟು ದಿನವೂ ಎರಡು ಎಂದೊಡನೆ ಅಜ್ಜಿ ಹಗುರಾಗುತ್ತಿದ್ದರು... ನಾನು ಒಮ್ಮೆಯೂ ಮೂರು ಎನ್ನಬೇಕಾಗಲಿಲ್ಲ.