ಲೋಟ ಬಡಿದರೆ ಆಚೆ ಕಡೆ

ಮೇಡಂ ಅವರ ಬಲ ಹುಬ್ಬು ಎಡ ಹುಬ್ಬಿಗಿಂತ ಬಹಳ ಚುರುಕು. ಎದುರಿಗಿದ್ದವರು ಒಂದು ಒಳ್ಳೆಯ ಮಾತು ಆಡಿದರೆ ಸಾಕು, ಅದು ಒಂದೇ ನೆಗೆತಕ್ಕೆ ಕುಂಕುಮದ ಪಕ್ಕ ಹೋಗಿ ಕೂರುತ್ತಿತ್ತು. ಸಪ್ಪೆ ಮಾತಿಗೆ ಜಪ್ಪಯ್ಯ ಅಂದರೂ ಅಲ್ಲಾಡುತ್ತಿರಲಿಲ್ಲ. ಅವರ ಕೈಯಲ್ಲಿ ಕಲಿತ ನಾವೆಲ್ಲ ಮಾರ್ಕ್ಸ್ ಕಾರ್ಡ್ ನೋಡಿದ್ದಕ್ಕಿಂತ ಹೆಚ್ಚಾಗಿ ಆ ಹುಬ್ಬನ್ನು ನೋಡಿದ್ದೇವೆ.

ವಿಜಯನಗರದ ನಮ್ಮ ಕಾಲೇಜಿನಲ್ಲಿ ಅವರು ಅರ್ಥಶಾಸ್ತ್ರ ಹೇಳಿಕೊಡುತ್ತಿದ್ದರು. ನಿಜವಾದ ಪಾಠ ನಡೆಯುತ್ತಿದ್ದದ್ದು ಮಾತ್ರ ಶನಿವಾರ ಮಧ್ಯಾಹ್ನ, ಬಸವೇಶ್ವರನಗರದ ಅವರ ಮನೆಯ ಕಾರ್ ಶೆಡ್ಡಿನಲ್ಲಿ. ಅವರಿಗೆ ಕಾರಿರಲಿಲ್ಲ, ಶೆಡ್ಡಿತ್ತು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆಯುತ್ತಿದ್ದರು. ಗೆರೆಯ ಈಚೆ ನಿಂತವರು ವಿಷಯದ ಪರ, ಆಚೆ ನಿಂತವರು ವಿರುದ್ಧ. ಮೇಡಂ ಮೂಲೆಯ ಕುರ್ಚಿಯಲ್ಲಿ ಸ್ಟೀಲ್ ಲೋಟ, ಚಮಚ ಹಿಡಿದು ಕೂತಿರುತ್ತಿದ್ದರು. ನಾವು ಆವೇಶದಿಂದ ಮಾತಾಡುತ್ತಿರುವಾಗಲೇ ಠಣ್ ಎಂದು ಲೋಟ ಬಡಿಯುತ್ತಿದ್ದರು. ಬಡಿದ ತಕ್ಷಣ, ವಾಕ್ಯ ಅರ್ಧಕ್ಕೆ ನಿಂತಿದ್ದರೂ ಸರಿ, ಗೆರೆ ದಾಟಿ ಹೋಗಿ ಇಷ್ಟು ಹೊತ್ತು ಬೈದದ್ದನ್ನೇ ಸಮರ್ಥಿಸಬೇಕು.

ಮೊದಮೊದಲು ನಗುವೋ ನಗು. ಆಮೇಲೆ ಅದರ ರುಚಿ ಹತ್ತಿತು. ಲೋಟ ಈಗ ಬಡಿಯುತ್ತಾರೋ ಆಗ ಬಡಿಯುತ್ತಾರೋ ಎಂದು ಮೈಯೆಲ್ಲ ಕಿವಿಯಾಗಿ ಮಾತಾಡುವ ಮಜವೇ ಬೇರೆ. ಶನಿವಾರ ಬಂತೆಂದರೆ ನನಗೆ ಊಟ ಸೇರುತ್ತಿರಲಿಲ್ಲ.

ಮನೆಯಲ್ಲಿ ಇದು ಅಷ್ಟಕ್ಕಷ್ಟೇ. ನಮ್ಮದು ಮೂಡಲಪಾಳ್ಯದ ಹಳೇ ಮನೆತನ. ತಾತ ರಾಗಿ ಬೆಳೆಯುತ್ತಿದ್ದ ಹೊಲ ಲೇಔಟ್ ಆದಮೇಲೆ ಅಪ್ಪ ಮೇನ್ ರೋಡಿನಲ್ಲಿ ವೈನ್ ಶಾಪ್ ಇಟ್ಟಿದ್ದರು. ಕಾಲೇಜಿನಲ್ಲಿ ನನ್ನನ್ನು ಎಣ್ಣೆ ಅಂಗಡಿ ಹುಡುಗಿ ಅನ್ನುತ್ತಿದ್ದರು. ಲಾ ಓದಬೇಕೆಂದು ನನಗೆ ಹುಚ್ಚು. ಅಪ್ಪ ಮಾತ್ರ, "ಡಿಗ್ರಿ ಮುಗೀಲಿ, ಮದುವೆ ಮಾಡಾನ. ಕೋರ್ಟು ಗೀರ್ಟು ನಮ್ಗ್ಯಾಕವ್ವ?" ಎಂದು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು.

ಆ ವರ್ಷ ನಮ್ಮ ಕ್ಲಾಸಿನ ಹುಡುಗನೊಬ್ಬ ಮಲ್ಲತ್ತಹಳ್ಳಿ ಕೆರೆಯ ಹತ್ತಿರ ಗಾಂಜಾ ಸೇದುತ್ತಿದ್ದಾಗ ಪೊಲೀಸರ ಕೈಗೆ ಸಿಕ್ಕಿಬಿದ್ದ. ಕೇಸಾಯಿತು. ಆಮೇಲೆ ಅವನು ಕಾಲೇಜಿನ ಕಡೆ ತಲೆ ಹಾಕಲಿಲ್ಲ. ಅವನ ಬೆಂಚಿನ ಜಾಗ ಖಾಲಿ ಬಿದ್ದಿತ್ತು. ಸ್ಟಾಫ್ ರೂಮಿನಲ್ಲಿ ಎಲ್ಲರೂ ಪಿಸುಮಾತಿನಲ್ಲೇ ಇದ್ದರು, ಮೇಡಂ ಒಬ್ಬರು ಮಾತ್ರ ಕ್ಲಾಸಿಗೆ ಬಂದು ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ ಬರೆದರು: ಗಾಂಜಾ ಮಾರಲು ಸರ್ಕಾರ ಲೈಸೆನ್ಸ್ ಕೊಡಬೇಕೆ? "ಶನಿವಾರಕ್ಕೆ ಇದೇ. ಓದ್ಕೊಂಡು ಬನ್ನಿ. ಬರೀ ಕೂಗಾಡೋಕೆ ಬರ್ಬೇಡಿ" ಅಂದರು.

ಕ್ಲಾಸಿನಲ್ಲಿ ಗುಜುಗುಜು ಶುರುವಾಯಿತು. ಹಿಂದಿನ ಬೆಂಚಿನವನೊಬ್ಬ, "ಮೇಡಂ, ನಿಮ್ ಒಪೀನಿಯನ್ ಏನು?" ಎಂದು ಕೇಳಿಯೇಬಿಟ್ಟ.

"ನಾನು ಹೇಳಿದ್ರೆ ನೀವು ಅದನ್ನೇ ಬಾಯಿಪಾಠ ಮಾಡ್ತೀರಪ್ಪ. ಹೇಳಲ್ಲ" ಅಂದರು.

ಆ ಶನಿವಾರ ಶೆಡ್ಡು ತುಂಬಿ ಗೇಟಿನ ಹೊರಗೂ ಜನ ನಿಂತಿದ್ದರು. ಚೀಟಿ ಎತ್ತಿದಾಗ ನನಗೆ ಪರ ಬಂತು. ಶುರುಮಾಡಿದೆ. ಇವತ್ತು ಅದನ್ನು ನೆನೆದರೂ ರೋಮಾಂಚನವಾಗುತ್ತದೆ. ವಯಸ್ಸಿಗೆ ಬಂದವನು ತನ್ನ ಮೈಗೆ ತಾನೇ ಯಜಮಾನ, ಅದರಲ್ಲಿ ಪೊಲೀಸರಿಗೇನು ಕೆಲಸ ಅಂದೆ. ನಿಷೇಧ ಮಾಡಿದರೂ ಸೇದುವವನು ಬಿಟ್ಟಿಲ್ಲ, ಬೆಲೆ ಏರಿ ಕಳ್ಳ ದಂಧೆಯವನು ಕೊಬ್ಬಿದ್ದಾನೆ ಅಂದೆ. ಆ ಲಾಭ ತೆರಿಗೆಯಾಗಿ ಬಂದರೆ ಚಟ ಬಿಡಿಸುವ ಆಸ್ಪತ್ರೆ ಕಟ್ಟಬಹುದು, ಖಾಲಿ ಬೆಂಚಿನ ಹುಡುಗ ಪರೀಕ್ಷೆ ಬರೆಯಬಹುದಿತ್ತು ಅಂದೆ. ಮೇಡಂ ಹುಬ್ಬು ಹಾರಿತು!

ಅಷ್ಟರಲ್ಲಿ ಗೇಟಿನ ಹತ್ತಿರ ಅಪ್ಪ ಕಂಡರು. ಇಂಥ ವಿಷಯದ ಮೇಲೆ ಮಗಳು ಭಾಷಣ ಮಾಡುತ್ತಿದ್ದಾಳೆ ಎಂದು ಯಾರೋ ಕಿವಿಗೆ ಹಾಕಿದ್ದರು. ಎಳೆದುಕೊಂಡು ಹೋಗಲೆಂದೇ ಬಂದಿದ್ದರು. ಮೇಡಂ ಎದ್ದು, "ಬನ್ನಿ ಸಾರ್, ಕೂತ್ಕೊಳಿ" ಎಂದು ತಮ್ಮ ಕುರ್ಚಿಯನ್ನೇ ಕೊಟ್ಟರು. ಅಪ್ಪ ಬೇರೆ ದಾರಿ ಕಾಣದೆ ಕೂತರು. ಮೇಡಂ ಅಪ್ಪನ ಪಕ್ಕದಲ್ಲೇ ನಿಂತು ಲೋಟ ಬಡಿದರು.

ವಿರೋಧಕ್ಕೆಂದು ನಾನು ಇಟ್ಟುಕೊಂಡಿದ್ದ ಮಾತೆಲ್ಲ ನಮ್ಮ ಅಂಗಡಿಯದ್ದೇ. ಅದನ್ನು ಅಪ್ಪನ ಮುಂದೆ ಆಡುವುದು ಹೇಗೆ? ಇವತ್ತು ಬಾಯಿ ತೆರೆದರೆ ಲಾ ಹಾಗಿರಲಿ, ನಾಳೆಯಿಂದ ಕಾಲೇಜೂ ಇಲ್ಲ. ಗೆರೆಯ ಈಚೆಯೇ ನಿಂತುಬಿಟ್ಟೆ.

"ಆಚೆ ಕಡೆ ಹೋಗಮ್ಮ" ಅಂದರು ಮೇಡಂ, ಮೆತ್ತಗೆ.

ಹೋದೆ. "ನಮ್ಮಂಗಡೀಗೆ ಲೈಸೆನ್ಸ್ ಇದೆ" ಎಂದು ಶುರುಮಾಡಿದೆ. "ಫ್ರೇಮ್ ಹಾಕಿಸಿ ಗೋಡೇಲಿ ನೇತಾಕಿದೀವಿ. ಬೆಳಿಗ್ಗೆ ಶಟರ್ ಎತ್ತೋಕೆ ಮುಂಚೇನೆ ಕೈ ನಡುಗಿಸ್ಕೊಂಡು ಬಂದು ನಿಂತಿರ್ತಾರೆ. ಅವರಲ್ಲೊಬ್ಬರ ಹೆಂಡತಿ ನಮ್ಮಮ್ಮನ ಹತ್ರ ಬಂದು, ನಮ್ಮೆಜಮಾನ್ರಿಗೆ ಕೊಡ್ಬೇಡಿ ಅಕ್ಕ ಅಂತ ಅತ್ತಿದ್ರು. ಕೊಡದೆ ಇರೋಕೆ ಆಗ್ಲಿಲ್ಲ. ತೆರಿಗೆ ಸರ್ಕಾರಕ್ಕೆ ಹೋಗುತ್ತೆ, ಲಾಭ ನಮಗೆ ಬರುತ್ತೆ, ಆಕೆ ಮನೆಗೆ ಏನು ಹೋಗುತ್ತೆ? ಆ ದುಡ್ಡಿನ ರುಚಿ ಹತ್ತಿದ ಸರ್ಕಾರ ಯಾವತ್ತಾದ್ರೂ ಜನ ಬಿಡ್ಲಿ ಅಂತ ಬಯಸುತ್ತಾ? ಗಾಂಜಾಗೂ ಇಂಥದ್ದೇ ಒಂದು ಫ್ರೇಮ್ ಹಾಕಿಸ್ಬೇಕಾ?"

ಅಪ್ಪ ಎದ್ದರು. ಕಪಾಳಕ್ಕೆ ಬೀಳುತ್ತದೆ ಎಂದು ನಾನು ಕಣ್ಣು ಮುಚ್ಚಿಕೊಂಡೆ.

"ನಾನೂ ಒಂದು ಮಾತಾಡಬೋದಾ ಮೇಡಂ?"

"ಧಾರಾಳವಾಗಿ. ಯಾವ ಕಡೆ ಸಾರ್?"

ಅಪ್ಪ ಗೆರೆ ನೋಡಿದರು. ಈಚೆ, ಪರದ ಕಡೆ ಹೋಗಿ ನಿಂತರು. ಸಭೆಯಲ್ಲಿ ಮಾತಾಡಿ ಅಭ್ಯಾಸವಿಲ್ಲದವರು, ಅಂಗಿಯ ತುದಿ ಎಳೆದುಕೊಂಡರು. "ನಮ್ಮಣ್ಣ ಒಬ್ಬ ಇದ್ದ. ಕಳ್ಳಬಟ್ಟಿ ಕುಡಿದು ಹೋದ. ಕಣ್ಣು ಕಾಣ್ತಿಲ್ಲ ಕಣೋ, ಕಣ್ಣು ಕಾಣ್ತಿಲ್ಲ ಕಣೋ ಅಂತ ನನ್ನ ತೊಡೆ ಮ್ಯಾಲೆ ಪ್ರಾಣ ಬಿಟ್ಟ. ಆಸ್ಪತ್ರೆಗೆ ಹೋದ್ರೆ ಪೊಲೀಸ್ನೋರು ಬರ್ತಾರೆ ಅಂತ ಹೆದರ್ಕೊಂಡು ಮನೇಲೇ ಇಟ್ಕಂಡಿದ್ವಿ. ಕುಡಿಯೋರು ಹೆಂಗೂ ಕುಡೀತಾರೆ, ವಿಷ ಅಂತೂ ಕುಡೀದೆ ಇರ್ಲಿ ಅಂತ ನಾನು ಲೈಸೆನ್ಸ್ ಅಂಗಡಿ ಇಟ್ಟೆ."

ನನಗೆ ದೊಡ್ಡಪ್ಪ ಇದ್ದರೆಂಬುದು ಗೊತ್ತಿತ್ತು. ಜ್ವರ ಬಂದು ಹೋದರು ಎಂದಷ್ಟೇ ಮನೆಯಲ್ಲಿ ಹೇಳಿದ್ದರು. ಗೆರೆಯ ಆಚೆ ನಿಂತು ಬಾಯಿ ಬಿಟ್ಟುಕೊಂಡು ಅಪ್ಪನನ್ನೇ ನೋಡುತ್ತಿದ್ದೆ. ಆಗ, ನೀವು ನಂಬುತ್ತೀರೋ ಇಲ್ಲವೋ, ಮೇಡಂ ಠಣ್ ಎಂದು ಲೋಟ ಬಡಿದುಬಿಟ್ಟರು. ಕಣ್ಣಲ್ಲಿ ನೀರು ತುಂಬಿಕೊಂಡ ಮನುಷ್ಯನಿಗೂ ರಿಯಾಯಿತಿ ಇಲ್ಲ!

ಅಪ್ಪ ತಬ್ಬಿಬ್ಬಾದರು. ಹುಡುಗರೆಲ್ಲ ಕೈ ತೋರಿಸಿ, "ಅಂಕಲ್, ಆಚೆ ಕಡೆ, ಆಚೆ ಕಡೆ" ಅಂದರು. ಅವರು ಗೆರೆ ದಾಟಿ ಬಂದು ನನ್ನ ಪಕ್ಕ ನಿಂತರು. "ಶಟರ್ ಎತ್ತುವಾಗ ನಿಂತಿರ್ತಾರಲ್ಲ, ಅವರ ಮುಖ ನಾನೂ ನೋಡಲ್ಲ" ಅಂದರು. "ನೋಡಿದ್ರೆ ಎತ್ತಕ್ಕಾಗಲ್ಲ ಮೇಡಂ."

ಮೇಡಂ ಅವರ ಎರಡು ಹುಬ್ಬೂ ಒಟ್ಟಿಗೆ ಮೇಲೇರಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಅಪ್ಪ ನನ್ನನ್ನು ಸ್ಕೂಟರಿನಲ್ಲಿ ವಾಪಸ್ ಕರೆತಂದರು. ಮನೆ ಮುಂದೆ ಗಾಡಿ ನಿಲ್ಲಿಸಿ, ಹೆಲ್ಮೆಟ್ ತೆಗೆಯದೆಯೇ ಕೇಳಿದರು. "ಲಾ ಓದೋಕೆ ಎಷ್ಟು ವರ್ಷ ಬೇಕವ್ವ?" ನಾನು ಕುಣಿದಾಡಿಬಿಟ್ಟೆ. ಅಮ್ಮ ಏನಾಯಿತೋ ಎಂದು ಒಳಗಿಂದ ಓಡಿ ಬಂದರು.

ಅಪ್ಪ ಅಂಗಡಿ ಮುಚ್ಚಲಿಲ್ಲ. ಆದರೆ ಬೆಳಿಗ್ಗೆ ಬಂದು ನಿಲ್ಲುವವರನ್ನು ಹೆಸರು ಹಿಡಿದು ಮಾತಾಡಿಸತೊಡಗಿದರು. ಆಮೇಲೆ ಶನಿವಾರಗಳಂದು ಶೆಡ್ಡಿನಲ್ಲಿ ಅವರಿಗೂ ಒಂದು ಕುರ್ಚಿ ಇರುತ್ತಿತ್ತು. ನಾನೀಗ ವಕೀಲೆ. ಗಾಂಜಾ ಕೇಸಿನಲ್ಲಿ ಸಿಕ್ಕಿಬಿದ್ದ ಹುಡುಗರ ತಾಯಂದಿರು ನನ್ನ ಆಫೀಸಿಗೆ ಬರುತ್ತಾರೆ. ಪ್ರತಿ ಕೇಸಿನಲ್ಲೂ ಎದುರು ವಕೀಲರು ಹೇಳಬಹುದಾದದ್ದನ್ನೆಲ್ಲ ಮೊದಲು ನಾನೇ ಗಟ್ಟಿಯಾಗಿ ಹೇಳಿಕೊಂಡು ನೋಡುತ್ತೇನೆ. ಲೈಸೆನ್ಸ್ ಕೊಡಬೇಕೋ ಬೇಡವೋ ಎಂದು ಕೇಳಿದರೆ ಇವತ್ತಿಗೂ ಎರಡೂ ಕಡೆ ಜಗಳಕ್ಕೆ ನಿಲ್ಲಬಲ್ಲೆ.

ಹೋದ ವರ್ಷ ಮೇಡಂ ತೀರಿಕೊಂಡರು. ಹಳೇ ವಿದ್ಯಾರ್ಥಿಗಳೆಲ್ಲ ಅದೇ ಶೆಡ್ಡಿನಲ್ಲಿ ಸೇರಿದೆವು. ಯಾರೋ ಗೆರೆ ಎಳೆದಿದ್ದರು. ನಾನು ಈಚೆ ನಿಂತು ಮೇಡಂ ಅವರನ್ನು ಮನಸಾರೆ ಹೊಗಳುತ್ತಿದ್ದೆ. ನಡುವೆಯೇ ಠಣ್ ಎಂದಿತು. ನೋಡಿದರೆ ಮೂಲೆಯ ಕುರ್ಚಿಯಲ್ಲಿ ಅಪ್ಪ, ಕೈಯಲ್ಲಿ ಲೋಟ.

ನಗುತ್ತಲೇ ಗೆರೆ ದಾಟಿದೆ. "ಮೇಡಂ ಮಹಾ ಮೊಂಡು" ಅಂದೆ. ಎಲ್ಲರೂ ನಕ್ಕರು. "ಅವರ ಮನೇ ಟೀಗೆ ಸಕ್ಕರೇನೇ ಇರ್ತಿರ್ಲಿಲ್ಲ. ನಮ್ಮೆಲ್ಲರ ಹೊಟ್ಟೇಲಿರೋದನ್ನ ಕಕ್ಕಿಸಿ, ತಮ್ಮ ಅಭಿಪ್ರಾಯ ಏನು ಅಂತ ಕೊನೆವರೆಗೂ ಹೇಳಲಿಲ್ಲ. ಹೇಳದೇನೇ..." ಮುಂದಿನ ಮಾತು ಹುಡುಕಿದೆ. ಆ ಕಡೆ ನಿಂತು ಹೇಳಲು ನನ್ನ ಹತ್ತಿರ ಇನ್ನೇನೂ ಉಳಿದಿರಲಿಲ್ಲ.

ಅಪ್ಪ ಇನ್ನೊಂದು ಸಲ ಲೋಟ ಬಡಿದರು. "ಸಾಕು ಕಣವ್ವ" ಅಂದರು. "ಈ ಕಡೆ ಬಾ."