ಕುಂಕುಮ ಹಚ್ಚಿದ ಚರ್ಮದ ಬ್ಯಾಗು

“ಈ ಕೆಂಪು ಕಲೆ ಎಲ್ಲಿಂದ ಬಂತು, ಬೆಹನ್‌ಜೀ?” ನಾನು ವಾಪಸ್ ತಂದ ದುಬಾರಿ ಚರ್ಮದ ಬ್ಯಾಗನ್ನು ಬೆಳಕಿಗೆ ಹಿಡಿದು ದೆಹಲಿಯ ಕರೋಲ್ ಬಾಗ್‌ನ ಅಂಗಡಿಯವರು ಕೇಳಿದರು. ಕೊಂಡ ವಾರದಲ್ಲೇ ಹಿಡಿಕೆಯ ಹೊಲಿಗೆ ಬಿಟ್ಟಿತ್ತು. ಆದರೆ ಆಯುಧಪೂಜೆಯ ದಿನ ಯಜಮಾನರ ಆ ಹೊಸ ಬ್ಯಾಗಿಗೆ ಕುಂಕುಮ ಹಚ್ಚಿದವಳು ನಾನೇ. ಕಲೆ ನೋಡಿ ಬದಲಿಸಿಕೊಡದಿದ್ದರೆ ಎಂಬ ಭಯಕ್ಕೆ, ‘ಅದು ಮೊದಲೇ ಇತ್ತು’ ಎನ್ನಬೇಕೆಂದು ಆಟೋದಲ್ಲೇ ಗಟ್ಟಿ ಮಾಡಿಕೊಂಡಿದ್ದೆ. ಎದುರು ನಿಂತಾಗ ನಿಜವೇ ಬಾಯಿಗೆ ಬಂತು. “ಪೂಜೆ ಮಾಡಿದೆ, ಭಯ್ಯಾ,” ಎಂದೆ.

ಅವರು ನಕ್ಕರು. “ಅಚ್ಛಾ! ಕಲೆ ನಿಮ್ಮದು, ಹೊಲಿಗೆ ನಮ್ಮದು. ಹೊಸದು ಒಯ್ಯಿರಿ. ಇದಕ್ಕೆ ಹೂವಷ್ಟೇ ಇಡಿ!” ಹೊಸ ಬ್ಯಾಗಿನ ಹಿಡಿಕೆಯನ್ನು ತಾವೇ ಜಗ್ಗಿ ನೋಡಿ ಕೊಟ್ಟರು.

ಬ್ಯಾಗು ಸಿಕ್ಕಿತು, ಸರಿ. ಆ ಸಂಜೆ ದೀಪ ಹಚ್ಚುವಾಗ, ಒಂದು ಸುಳ್ಳು ಬಾಯಿಂದ ಹೊರಡದೆ ಉಳಿದದ್ದಕ್ಕೇ ಮೊದಲು ದೇವರಿಗೆ ಕೈಮುಗಿದೆ.